ಗಾಜಾದ “ಗ” ಎಲ್ಲಿಂದ ಬಂತು? ಹೀಬ್ರೂ ಅಯಿನ್ ಅಕ್ಷರದ ಹಳೆಯ ಉಚ್ಚಾರ

ಪ್ರಶ್ನೆ: ಬೈಬಲನ್ನು ಮೂಲದಲ್ಲೇ ಓದಬೇಕು ಅನ್ನೋ ಆಸೆಯಿಂದ ಹೀಬ್ರೂ ಕಲಿಯಲು ಶುರು ಮಾಡಿದ್ದೇನೆ. ಅಯಿನ್ ಅಕ್ಷರಕ್ಕೆ ಉಚ್ಚಾರವೇ ಇಲ್ಲ, ಸುಮ್ನೆ ಸ್ವರವನ್ನಷ್ಟೇ ಹೇಳಿ ಎಂದು ನನ್ನ ಪಾಠದ ಪುಸ್ತಕದಲ್ಲಿದೆ. ಆದರೆ ಗಾಜಾ ಊರಿನ ಹೀಬ್ರೂ ಹೆಸರು ಶುರುವಾಗುವುದೇ ಅಯಿನ್‌ನಿಂದ. ಇಸ್ರೇಲಿನವರು ಅದನ್ನು “ಅಜ್ಜಾ” ಅನ್ನುತ್ತಾರೆ. ಗೊಮೋರ ಊರಿನದ್ದೂ ಇದೇ ಕಥೆ, ಹೀಬ್ರೂನಲ್ಲಿ “ಅಮೋರಾ”. ಹಾಗಾದರೆ ನಮ್ಮ ಬೈಬಲಿಗೂ ಪೇಪರಿಗೂ ಈ “ಗ” ಎಲ್ಲಿಂದ ಬಂತು? ಗ್ರೀಕರು ತಪ್ಪಾಗಿ ಕೇಳಿಸಿಕೊಂಡರಾ? ಅಯಿನ್‌ನ ಅಸಲಿ ಉಚ್ಚಾರ ಯಾವುದು? – ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಗ್ರೀಕರು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಚೆನ್ನಾಗಿಯೇ ಕೇಳಿಸಿಕೊಂಡರು. ಆ “ಗ” ಹೀಬ್ರೂ ಭಾಷೆಯಲ್ಲೇ ಇತ್ತು. ಆಮೇಲೆ ಹೀಬ್ರೂ ಮಾತಾಡುವವರ ಬಾಯಲ್ಲಿ ಅದು ಹೋಯಿತು, ಗ್ರೀಕರ ಬರಹದಲ್ಲಿ ಉಳಿಯಿತು. ನಿಮ್ಮ ಪುಸ್ತಕ ಹೇಳುವುದು ಇವತ್ತಿನ ಇಸ್ರೇಲಿನ ಬಳಕೆಯ ಮಟ್ಟಿಗೆ ಸರಿ. ಹಳೆಯ ಕಾಲಕ್ಕೆ ಅದನ್ನು ಒಯ್ಯಲಾಗದು. ಹಳೆಯ ಕಾಲದಲ್ಲಿ ಅಯಿನ್‌ಗೆ ಒಂದಲ್ಲ, ಎರಡು ಉಚ್ಚಾರಗಳಿದ್ದವು.

ಈ ಎರಡನ್ನೂ ಮೊದಲು ಕಿವಿಗೆ ಹಾಕಿಕೊಳ್ಳೋಣ. ಒಂದು, ಅರಬ್ಬಿಯ ಐನ್. ಇದು ಗಂಟಲಿನ ಆಳದ ದನಿ. ನಾಲಿಗೆಯ ಬುಡವನ್ನು ಹಿಂದಕ್ಕೆ ಒತ್ತಿ, ಗಂಟಲನ್ನು ಬಿಗಿ ಮಾಡಿ, ದನಿ ನಿಲ್ಲಿಸದೆ “ಆ” ಅನ್ನಿ. ಡಾಕ್ಟರು ಚಮಚ ಇಟ್ಟು ಗಂಟಲು ನೋಡುವಾಗ ಹೊರಡುವ ಹಿಸುಕಿದ “ಆ” ಇದೆಯಲ್ಲ, ಅದಕ್ಕೆ ಹತ್ತಿರ. ಇನ್ನೊಂದು, ಅರಬ್ಬಿಯ ಗ಼ೈನ್. ಉರ್ದು ಚೆನ್ನಾಗಿ ಬಲ್ಲವರು ಗ಼ಜಲ್ ಅನ್ನುವಾಗ ಮೊದಲು ಬರುವ ದನಿ. ನಮ್ಮ “ಗ” ಹೇಳುವ ಜಾಗದಲ್ಲೇ, ಸ್ವಲ್ಪ ಹಿಂದೆ. ಆದರೆ ನಾಲಿಗೆ ಮೇಲಕ್ಕೆ ಅಂಟುವುದಿಲ್ಲ, ಉಸಿರು ಉಜ್ಜಿಕೊಂಡು ಹರಿಯುತ್ತದೆ. ಕಲಬುರಗಿ, ವಿಜಯಪುರ, ಬೀದರ್ ಕಡೆ ಬೆಳೆದವರಿಗೆ ಇದು ಹೊಸದಲ್ಲ. ಮುಂದೆ ಮೊದಲನೆಯ ದನಿಯನ್ನು ' ಗುರುತಿನಿಂದ, ಎರಡನೆಯದನ್ನು ಚುಕ್ಕೆ ಇಟ್ಟ ಗ಼ದಿಂದ ತೋರಿಸುತ್ತೇನೆ.

ಹಳೆಯ ಹೀಬ್ರೂನಲ್ಲಿ ಈ ಎರಡೂ ಇದ್ದವು. ಬರೆಯಲು ಇದ್ದದ್ದು ಮಾತ್ರ ಒಂದೇ ಅಕ್ಷರ.

ಯಾಕೆ ಹೀಗಾಯಿತು? ಹೀಬ್ರೂ ಜನ ಲಿಪಿಯನ್ನು ತಾವೇ ಹುಟ್ಟಿಸಿಕೊಳ್ಳಲಿಲ್ಲ. 22 ಅಕ್ಷರಗಳ ಆ ಮಾಲೆ ನೆರೆಯ ಕರಾವಳಿಯ, ಈಗಿನ ಲೆಬನಾನ್ ಕಡೆಯ, ಫಿನೀಶಿಯನ್ನರದು. ಅವರ ಭಾಷೆಯಲ್ಲಿ ಅಷ್ಟು ಹೊತ್ತಿಗೆ ಗ಼ ದನಿ ಐನ್‌ನೊಳಗೆ ಸೇರಿಹೋಗಿತ್ತು. ಅವರಿಗೆ ಒಂದೇ ಅಕ್ಷರ ಸಾಕಾಗಿತ್ತು. ಅದನ್ನು ತೆಗೆದುಕೊಂಡ ಹೀಬ್ರೂ ಜನರ ಬಾಯಲ್ಲಿ ದನಿಗಳು ಜಾಸ್ತಿ ಇದ್ದವು, ಅಕ್ಷರ ಕಡಿಮೆ. ಒಂದೇ ಅಕ್ಷರಕ್ಕೆ ಎರಡೆರಡು ಕೆಲಸ ಕೊಟ್ಟರು. ಇದೇನೂ ಅಯಿನ್‌ಗೆ ಮಾತ್ರ ಬಂದ ಪಾಡಲ್ಲ. ನೀವು ಈಗಾಗಲೇ ಕಲಿತಿರುವ ಶಿನ್ ಅಕ್ಷರ ನೋಡಿ. ಬಲಗಡೆ ಚುಕ್ಕೆ ಇದ್ದರೆ “ಶ”, ಎಡಗಡೆ ಇದ್ದರೆ “ಸ”. ಆ ಚುಕ್ಕೆಗಳು ಮೂಲ ಲಿಪಿಯಲ್ಲಿ ಇರಲಿಲ್ಲ. ಟೈಬೀರಿಯಸ್ ಊರಿನ ಮಸೊರೆಟ್ ಪಂಡಿತರು ಕ್ರಿ.ಶ. 7ರಿಂದ 10ನೇ ಶತಮಾನದ ನಡುವೆ ಓದುವ ಕ್ರಮ ಕೆಡಬಾರದೆಂದು ಸ್ವರಗುರುತುಗಳ ಜೊತೆ ಇವನ್ನೂ ಹಾಕಿದರು. ಶ ಮತ್ತು ಸ ಅವರ ಕಾಲಕ್ಕೂ ಬೇರೆಬೇರೆಯಾಗಿಯೇ ಉಳಿದಿದ್ದವು, ಹಾಗಾಗಿ ಚುಕ್ಕೆ ಬಂತು. ಅಯಿನ್‌ನ ಎರಡು ದನಿಗಳು ಅಷ್ಟರಲ್ಲಿ ಒಂದಾಗಿ ನೂರಾರು ವರ್ಷ ಕಳೆದಿತ್ತು. ಚುಕ್ಕೆ ಹಾಕಲು ಅಲ್ಲಿ ಏನೂ ಉಳಿದಿರಲಿಲ್ಲ.

ಅರಬ್ಬರೂ ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. ಅವರ ಲಿಪಿಯೂ ಇದೇ 22 ಅಕ್ಷರಗಳ ಕುಟುಂಬದ್ದು. ಆದರೆ ಅವರ ಬಾಯಲ್ಲಿ ಗ಼ ಜೀವಂತವಾಗಿತ್ತು. ಐನ್ ಅಕ್ಷರದ ತಲೆ ಮೇಲೆ ಒಂದು ಚುಕ್ಕೆ ಇಟ್ಟು ಗ಼ೈನ್ ಮಾಡಿಕೊಂಡರು. ಉರ್ದು ಬೋರ್ಡುಗಳಲ್ಲಿ ಇವತ್ತೂ ನೋಡಬಹುದು, ಎರಡರ ಆಕಾರ ಒಂದೇ, ಚುಕ್ಕೆ ಮಾತ್ರ ಹೆಚ್ಚು.

ಸರಿ, ಹೀಬ್ರೂನಲ್ಲಿ ಎರಡು ದನಿ ಇದ್ದವು ಅನ್ನೋದಕ್ಕೆ ಸಾಕ್ಷಿ ಎಲ್ಲಿ? ಹೀಬ್ರೂ ಬರಹವನ್ನೇ ಎಷ್ಟು ದಿಟ್ಟಿಸಿದರೂ ಇದು ಕಾಣುವುದಿಲ್ಲ. ಇಲ್ಲಿ ಕನ್ನಡದ ಒಂದು ಉದಾಹರಣೆ ನೆರವಿಗೆ ಬರುತ್ತದೆ. ಹಳಗನ್ನಡದಲ್ಲಿ “ಬಾೞ್” ಅಂದರೆ ಬದುಕು, “ಬಾಳ್” ಅಂದರೆ ಕತ್ತಿ. ೞ ದನಿ ಮುಂದೆ ಳದೊಳಗೆ ಕರಗಿತು, ಈಗ ಎರಡೂ “ಬಾಳು”. ಆದರೆ ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ ಇತ್ತು. ಹಾಗಾಗಿ ಶಾಸನ ಬರೆದವರು ಯಾವ ಕಾಲದಲ್ಲಿ ಒಂದರ ಬದಲು ಇನ್ನೊಂದನ್ನು ಕೆತ್ತತೊಡಗಿದರು ಎಂದು ನೋಡಿ ಆ ಬದಲಾವಣೆಯ ಜಾಡು ಹಿಡಿಯಬಹುದು. 13ನೇ ಶತಮಾನದಲ್ಲಿ ಕೇಶಿರಾಜ ೞಕಾರ ಎಲ್ಲೆಲ್ಲಿ ಬರುತ್ತದೆ ಎಂದು ಪಟ್ಟಿ ಕೊಡಬೇಕಾಗಿ ಬಂದದ್ದೇ ಒಂದು ಸುಳಿವು. ಬಾಯಲ್ಲಿ ಸಲೀಸಾಗಿ ಬರುತ್ತಿದ್ದರೆ ಪಟ್ಟಿ ಯಾಕೆ ಬೇಕು? ಹೀಬ್ರೂನಲ್ಲಿ ಈ ಅನುಕೂಲ ಇಲ್ಲ. ಅಕ್ಷರ ಮೊದಲಿಂದಲೂ ಒಂದೇ. ದನಿ ಎರಡಿದ್ದಾಗಲೂ ಅಯಿನ್, ಒಂದಾದಾಗಲೂ ಅಯಿನ್, ಏನೂ ಇಲ್ಲವಾದಾಗಲೂ ಅಯಿನ್. ಅದಕ್ಕೇ ಹೊರಗಿನವರ ಸಾಕ್ಷಿ ಬೇಕಾಗುತ್ತದೆ.

ಹೊರಗಿನವರಲ್ಲಿ ಮುಖ್ಯ ಸಾಕ್ಷಿ ಸೆಪ್ಟುವಜಿಂಟ್, ಅಂದರೆ ಹೀಬ್ರೂ ಬೈಬಲಿನ ಗ್ರೀಕ್ ಅನುವಾದ. ಅದರ ಮೊದಲ ಐದು ಪುಸ್ತಕಗಳು ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಗ್ರೀಕಿಗೆ ಬಂದವು. ಅನುವಾದ ಮಾಡಿದವರು ಯೆಹೂದಿಗಳೇ. ಊರು, ಜನರ ಹೆಸರುಗಳನ್ನು ತಾವು ಓದುತ್ತಿದ್ದ ಹಾಗೇ ಗ್ರೀಕ್ ಅಕ್ಷರಗಳಲ್ಲಿ ಇಳಿಸಿದರು. ಗ್ರೀಕಿನಲ್ಲಿ ಐನ್ ದನಿಯೂ ಇಲ್ಲ, ಗ಼ ದನಿಗೆಂದೇ ಒಂದು ಅಕ್ಷರವೂ ಇಲ್ಲ. ಆದರೂ ಅವರು ಅಯಿನ್ ಬಂದಲ್ಲೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಕೆಲವು ಹೆಸರುಗಳಲ್ಲಿ ಗಾಮಾ, ಅಂದರೆ “ಗ”, ಹಾಕಿದರು. ಕೆಲವುಗಳಲ್ಲಿ ಏನೂ ಹಾಕದೆ ಸ್ವರ ಮಾತ್ರ ಬರೆದರು. ಗಾಜಾ, ಗೊಮೊರ್ರಾ, ಸೇಗೋರ್, ಫೊಗೋರ್ – ಇವುಗಳಲ್ಲಿ “ಗ” ಇದೆ. ಯಾಕೋಬ್, ಏಸಾವ್, ಸಿಮೆಯೋನ್, ಏಬೆರ್, ಅಮಾಲೇಕ್, ಬಾಲ್ – ಇವುಗಳಲ್ಲಿ ಇಲ್ಲ. ಹೀಬ್ರೂನಲ್ಲಿ ಈ ಎಲ್ಲದರಲ್ಲೂ ಅಯಿನ್ ಇದೆ.

ಒಂದೇ ಅಕ್ಷರವನ್ನು ಮನಸ್ಸಿಗೆ ಬಂದ ಹಾಗೆ ಬರೆದರೋ, ಇಲ್ಲ ಅದರ ಹಿಂದೆ ಕಿವಿಯ ಲೆಕ್ಕ ಇತ್ತೋ? ಇದನ್ನು ಪರೀಕ್ಷೆ ಮಾಡಬಹುದು. ಹೀಬ್ರೂ ಮತ್ತು ಅರಬ್ಬಿ ಒಂದೇ ಸೆಮಿಟಿಕ್ ಕುಟುಂಬದವು. ಅರಬ್ಬಿ ಈ ಎರಡು ದನಿಗಳನ್ನು ಇವತ್ತಿಗೂ ಬೇರೆ ಇಟ್ಟುಕೊಂಡಿದೆ. ಅನುವಾದಕರು “ಗ” ಹಾಕಿದ ಹೆಸರಿನ ಬೇರುಪದ ಅರಬ್ಬಿಯಲ್ಲಿ ಗ಼ ಆಗಿದ್ದು, ಬಿಟ್ಟ ಕಡೆ ಐನ್ ಆಗಿದ್ದರೆ, ಅದು ಕಾಕತಾಳೀಯ ಅಲ್ಲ.

ಒಂದೊಂದೇ ನೋಡೋಣ. ಯಾಕೋಬನ ಹೆಸರು, ಯ'ಅಕೋವ್. ಹಿಮ್ಮಡಿ ಎಂಬ ಪದದ ಜೊತೆ ಆದಿಕಾಂಡವೇ ಅದನ್ನು ಜೋಡಿಸುತ್ತದೆ, ಅವಳಿ ಅಣ್ಣನ ಹಿಮ್ಮಡಿ ಹಿಡಿದುಕೊಂಡು ಹುಟ್ಟಿದವನು. ಹಿಮ್ಮಡಿಗೆ ಅರಬ್ಬಿಯಲ್ಲಿ 'ಅಕಿಬ್, ಐನ್ ದನಿ. ಗ್ರೀಕಿನಲ್ಲಿ “ಗ” ಇಲ್ಲ. ಶಿಮ್'ಓನ್ ಬಂದದ್ದು ಕೇಳು ಎಂಬ ಧಾತುವಿನಿಂದ. ಅರಬ್ಬಿಯಲ್ಲಿ ಸಮಿ'ಅ, ಮತ್ತೆ ಐನ್. ಗ್ರೀಕಿನಲ್ಲಿ “ಗ” ಇಲ್ಲ. ಈಗ ಲೋಟನು ಸೊದೋಮಿನಿಂದ ಓಡಿಹೋಗಿ ಸೇರಿದ ಪುಟ್ಟ ಊರು, ಹೀಬ್ರೂನಲ್ಲಿ ತ್ಸೋಅರ್. “ಅದು ಸಣ್ಣ ಊರಲ್ಲವೇ” ಎಂದು ಲೋಟ ಬೇಡಿಕೊಳ್ಳುತ್ತಾನೆ, ಅದಕ್ಕೇ ಆ ಹೆಸರು ಬಂತು ಎಂದು ಆದಿಕಾಂಡ 19ನೇ ಅಧ್ಯಾಯ ಹೇಳುತ್ತದೆ. ಸಣ್ಣದು ಅನ್ನೋದಕ್ಕೆ ಹೀಬ್ರೂ ತ್ಸಾಈರ್. ಅರಬ್ಬಿಯಲ್ಲಿ ಸಗ಼ೀರ್. ಗ಼ ದನಿ! ಗ್ರೀಕ್ ಅನುವಾದ ಈ ಊರನ್ನು ಏನೆನ್ನುತ್ತದೆ? ಸೇಗೋರ್. ಈ ಒಂದು ಹೆಸರು ನನಗೆ ತುಂಬ ಇಷ್ಟ. ಹೆಸರಿನ ಅರ್ಥವನ್ನು ಮೂಲ ಗ್ರಂಥವೇ ಹೇಳಿಬಿಟ್ಟಿದೆ, ಹಾಗಾಗಿ ಬೇರುಪದ ಯಾವುದು ಅಂತ ತಡಕಾಡಬೇಕಾಗಿಲ್ಲ.

ಇನ್ನು ಗಾಜಾ. ಅರಬ್ಬರು ಅದನ್ನು ಇವತ್ತಿಗೂ ಗ಼ಜ್ಜಾ ಅನ್ನುತ್ತಾರೆ. ಅರಬ್ಬರು ಗ್ರೀಕರಿಂದಲೇ ಕೇಳಿ ಹಾಗೆ ಹೇಳಿರಬಹುದಲ್ವಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗ್ರೀಕಿಗೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷಿ ಇದೆ. ಈಗಿನ ಯೆಮನ್ ದೇಶದಲ್ಲಿ ಮಈನ್ ಅನ್ನೋ ಹಳೆಯ ರಾಜ್ಯ ಇತ್ತು. ಧೂಪದ ವ್ಯಾಪಾರದ ದಾರಿ ಅಲ್ಲಿಂದ ಮರುಭೂಮಿ ದಾಟಿ ಗಾಜಾ ರೇವಿನವರೆಗೆ ಹೋಗುತ್ತಿತ್ತು. ಮಈನ್ ಜನ ಕಲ್ಲಿನ ಮೇಲೆ ಕೆತ್ತಿಸಿದ ಪಟ್ಟಿಗಳಲ್ಲಿ ಪರದೇಶದಿಂದ ಬಂದ ಹೆಂಗಸರ ಹೆಸರು, ಅವರ ಊರು ಇವೆ. ಗಾಜಾದವರೂ ಅದರಲ್ಲಿದ್ದಾರೆ. ಆ ದಕ್ಷಿಣ ಅರೇಬಿಯಾದ ಲಿಪಿಯಲ್ಲಿ 29 ಅಕ್ಷರಗಳು, ಐನ್‌ಗೂ ಗ಼ಗೂ ಬೇರೆ ಬೇರೆ. ಗಾಜಾವನ್ನು ಅವರು ಬರೆದದ್ದು ಗ಼ ಅಕ್ಷರದಿಂದ. ಅಸ್ಸೀರಿಯದ ಬೆಣೆಲಿಪಿ ದಾಖಲೆಗಳಲ್ಲಿ ಈ ಊರು “ಖ”ಗೆ ಹತ್ತಿರದ ದನಿಯಿಂದ ಶುರುವಾಗುತ್ತದೆ, ಖಜ್ಜತು ಅನ್ನೋ ಥರ. ಅದನ್ನು ನಾನು ದೊಡ್ಡ ಸಾಕ್ಷಿ ಎಂದು ಎಣಿಸುವುದಿಲ್ಲ. ಅಸ್ಸೀರಿಯನ್ನರು ನಿಜವಾದ ಐನ್ ದನಿಗೂ ಎಷ್ಟೋ ಸಲ ಅದೇ ಅಕ್ಷರ ಬಳಸುತ್ತಿದ್ದರು.

ಇದಕ್ಕೆಲ್ಲ ಬೆನ್ನೆಲುಬಾಗಿ ನಿಲ್ಲುವುದು ಉಗರಿತ್. ಸಿರಿಯಾದ ಕರಾವಳಿಯಲ್ಲಿ 1928ರಲ್ಲಿ ಒಬ್ಬ ರೈತನ ನೇಗಿಲಿಗೆ ಹಳೆಯ ಸಮಾಧಿಯ ಕಲ್ಲು ತಗುಲಿತು. ಮರುವರ್ಷ ಅಗೆತ ಶುರುವಾಯಿತು. ಕ್ರಿ.ಪೂ. 1200ರ ಹೊತ್ತಿಗೆ ಹಾಳಾದ ಒಂದು ಪಟ್ಟಣ, ಅದರ ಮಣ್ಣಿನ ಹಲಗೆಗಳು ಸಿಕ್ಕಿದವು. ಹೀಬ್ರೂಗೆ ಹತ್ತಿರದ ನಂಟಿನ ಭಾಷೆ, 30 ಗುರುತುಗಳ ಲಿಪಿ. ಅದರಲ್ಲಿ ಐನ್‌ಗೆ ಒಂದು, ಗ಼ಗೆ ಇನ್ನೊಂದು ಗುರುತು. ಅಂದರೆ ಈ ಭೇದ ಅರಬ್ಬಿ ಆಮೇಲೆ ಹುಟ್ಟಿಸಿಕೊಂಡದ್ದಲ್ಲ, ಕುಟುಂಬದ ಹಳೆಯ ಆಸ್ತಿ. ಯುವಕನಿಗೆ ಹೀಬ್ರೂನಲ್ಲಿ ಎಲೆಮ್ ಅನ್ನುತ್ತಾರೆ, ಮೊದಲ ಅಕ್ಷರ ಅಯಿನ್. ಉಗರಿತ್ ಹಲಗೆಗಳಲ್ಲಿ ಅದೇ ಪದ ಗ಼-ಲ-ಮ. ಅರಬ್ಬಿಯಲ್ಲಿ ಗ಼ುಲಾಮ್, ಹುಡುಗ, ಆಳು. ಅದೇ ಪದ ಫಾರಸಿ, ಉರ್ದು ದಾಟಿ ನಮ್ಮಲ್ಲಿಗೂ ಬಂದು ಗುಲಾಮ ಆಗಿದೆ.

ಈ ಗುಲಾಮನ ದಾರಿ ಹಿಡಿದು ನಮ್ಮ ತಾಲ್ಲೂಕು ಕಚೇರಿಗೆ ಹೋಗಿ ಬರೋಣ. ಗ್ರೀಕರ ಕಿವಿ ಹೇಗೆ ಕೆಲಸ ಮಾಡಿತು ಅನ್ನೋದಕ್ಕೆ ಅಲ್ಲಿನ ಕಡತಗಳಷ್ಟು ಒಳ್ಳೆಯ ಪುರಾವೆ ನಮಗೆ ಬೇರೆ ಸಿಗುವುದಿಲ್ಲ. ತಾಲ್ಲೂಕು ಅರಬ್ಬಿಯ ತ'ಅಲ್ಲುಕ್. ಅರ್ಜಿ 'ಅರ್ಜ್‌ನಿಂದ. ರೈತ ರ'ಇಯ್ಯತ್‌ನಿಂದ. ಜಮಾ ಅನ್ನೋ ಪದದ ಕೊನೆಯಲ್ಲಿ ಅರಬ್ಬಿಯಲ್ಲಿ ಐನ್ ಇದೆ. ಈ ನಾಲ್ಕರಲ್ಲೂ ಐನ್ ದನಿ ಕನ್ನಡಕ್ಕೆ ಬರುವಷ್ಟರಲ್ಲಿ ಪೂರ್ತಿ ಮಾಯವಾಗಿ ಸ್ವರ ಮಾತ್ರ ಉಳಿದಿದೆ. ಈಗ ಗೈರುಹಾಜರಿ ನೋಡಿ, ಅದು ಗ಼ೈರ್. ಗರೀಬ ಗ಼ರೀಬ್. ಗುಲಾಮ, ಗಜಲ್ ಕೂಡ ಹಾಗೆಯೇ. ಇವೆಲ್ಲದರಲ್ಲಿ ಗ಼ ನಮ್ಮ “ಗ” ಆಗಿದೆ. ಯಾರೂ ನಿಯಮ ಮಾಡಿ ಹೀಗೆ ಬರೆಯಲಿಲ್ಲ. ಐನ್ ಇಲ್ಲದ ಭಾಷೆಯವರ ಕಿವಿಗೆ ಐನ್ ಕೇಳಿಸುವುದಿಲ್ಲ, ಗ಼ ಮಾತ್ರ “ಗ” ಎಂದೇ ಕೇಳಿಸುತ್ತದೆ. ಅಲೆಕ್ಸಾಂಡ್ರಿಯಾದಲ್ಲಿ ಗ್ರೀಕ್ ಅಕ್ಷರಕ್ಕೆ ಇಳಿಸಿದವರು ಮಾಡಿದ್ದೂ ಇದನ್ನೇ.

ಈ ಪುರಾವೆಗಳನ್ನೆಲ್ಲ ಒಟ್ಟು ಮಾಡಿ, ಹೆಸರು ಹೆಸರನ್ನೂ ತೂಗಿ ನೋಡಿದವರಲ್ಲಿ ದೊಡ್ಡವರು ಹೀಬ್ರೂ ಪಂಡಿತ ಜೋಶುವಾ ಬ್ಲಾವ್. 1982ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ನಂತರ, ಕ್ರಿ.ಪೂ. 3ನೇ ಶತಮಾನದಲ್ಲಿ ತೋರಾವನ್ನು, ಅಂದರೆ ಬೈಬಲಿನ ಆ ಮೊದಲ ಐದು ಪುಸ್ತಕಗಳನ್ನು, ಓದುವಾಗ ಎರಡು ದನಿಗಳು ಇನ್ನೂ ಬೇರೆಯಾಗಿದ್ದವು ಅನ್ನೋ ಮಾತನ್ನು ತಳ್ಳಿಹಾಕುವುದು ಕಷ್ಟ. ಹಾಗಂತ ಎಲ್ಲ ಹೆಸರುಗಳೂ ಸಲೀಸಾಗಿ ಹೊಂದುತ್ತವೆ ಅಂದುಕೊಳ್ಳಬೇಡಿ. ಮೋಶೆಯ ಮಾವನಿಗೆ ರೆಊಏಲ್ ಎಂಬ ಹೆಸರೂ ಇದೆ, ಗ್ರೀಕಿನಲ್ಲಿ ರಗೂಏಲ್. ಅದರ ಮೊದಲ ಭಾಗ ಗೆಳೆಯ ಎಂಬ ಪದ ಎಂದು ಹಿಡಿದರೆ ಉಗರಿತ್‌ನಲ್ಲಿ ಅದಕ್ಕೆ ಐನ್ ಇದೆ, “ಗ” ಬರಬಾರದಿತ್ತು. ಹೆಸರುಗಳ ಬೇರು ಯಾವಾಗಲೂ ನಾವು ಅಂದುಕೊಂಡದ್ದೇ ಆಗಿರುವುದಿಲ್ಲ. ಒಂದೆರಡು ಹೊಂದದ ಹೆಸರುಗಳಿಂದ ಹೊಂದುವ ಸಾಲೆಲ್ಲ ಬಿದ್ದುಹೋಗುವುದಿಲ್ಲ ಎನ್ನುವುದು ನನ್ನ ನಿಲುವು.

ಇಲ್ಲೊಂದು ಎಚ್ಚರಿಕೆ. ಯೆಮನಿನ ಯೆಹೂದಿಗಳು ಓದುವಾಗ ನಿಮಗೆ ಗ಼ ದನಿ ಕೇಳಿಸಿದರೆ, ಅದು ಹಳೆಯ ಅಯಿನ್ ಉಳಿದದ್ದು ಅಂದುಕೊಳ್ಳಬೇಡಿ. ಅದು ಒಳಗೆ ಚುಕ್ಕೆಯಿಲ್ಲದ ಗಿಮೆಲ್, ಅಂದರೆ ಹೀಬ್ರೂವಿನ “ಗ” ಅಕ್ಷರ. ಸ್ವರದ ನಂತರ ಗಿಮೆಲ್ ಮೆದುವಾಗುವ ರೂಢಿಯಿಂದ ಹುಟ್ಟಿದ ದನಿ ಅದು. ಅಯಿನ್‌ನ ಗ಼ ಹೀಬ್ರೂ ಓದುವ ಯಾವ ಸಮುದಾಯದಲ್ಲೂ ಉಳಿದಿಲ್ಲ.

ಅದು ಕ್ರಿ.ಪೂ. 3ನೇ ಶತಮಾನದ ನಂತರ ಎಂದೋ ಐನ್‌ನೊಳಗೆ ಸೇರಿತು. ಕ್ರಿ.ಶ. 3ನೇ ಶತಮಾನದಲ್ಲಿ ಒರಿಗೆನ್ ಎಂಬ ಕ್ರೈಸ್ತ ಪಂಡಿತ ಹೀಬ್ರೂ ಬೈಬಲಿನ ಪಠ್ಯವನ್ನು ಗ್ರೀಕ್ ಅಕ್ಷರಗಳಲ್ಲಿ ಪಕ್ಕದಲ್ಲೇ ಕೊಟ್ಟ. ಅದರಲ್ಲಿ ಅಯಿನ್‌ಗೆ ಗಾಮಾ ಹಾಕಿಲ್ಲ. ಆಗಲೇ ಗ಼ ಹೋಗಿತ್ತು. ಗಾಜಾ, ಗೊಮೋರ ಹೆಸರುಗಳು ಮಾತ್ರ ಅಷ್ಟು ಹೊತ್ತಿಗೆ ಗ್ರೀಕಿನಲ್ಲಿ ನೆಲೆಯೂರಿದ್ದವು. ಗ್ರೀಕಿನಿಂದ ಲ್ಯಾಟಿನ್, ಅಲ್ಲಿಂದ ಯುರೋಪಿನ ಭಾಷೆಗಳು, ಕೊನೆಗೆ ಮಿಷನರಿಗಳ ಕೈಯಿಂದ ಕನ್ನಡ. ನೀವು ಕೇಳಿದ “ಗ” ಬಂದ ದಾರಿ ಇದು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಉಳಿದ ಐನ್ ದನಿಯೂ ಅಲುಗಾಡತೊಡಗಿತ್ತು. 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿಯಲ್ಲಿ, ಬರೆದವರು ಗಂಟಲಿನ ಅಕ್ಷರಗಳನ್ನು ಒಂದಕ್ಕೊಂದು ಅದಲುಬದಲು ಮಾಡಿರುವುದು ಕಾಣುತ್ತದೆ. ತಾಲ್ಮುದ್‌ನಲ್ಲಿ, ಅಂದರೆ ಹಳೆಯ ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹದಲ್ಲಿ, ಇದರ ಬಗ್ಗೆ ನೇರ ಮಾತೇ ಇದೆ. ಹೈಫಾ, ಬೆತ್ ಶೆಆನ್, ತಿವೊನಿನ್ ಊರಿನವರನ್ನು ಪ್ರಾರ್ಥನೆ ನಡೆಸಲು ಮುಂದೆ ನಿಲ್ಲಿಸಬಾರದು, ಅವರು ಆಲೆಫ್ ಅನ್ನು (ಹೀಬ್ರೂವಿನ ಮೊದಲ ಅಕ್ಷರ, ಗಂಟಲಲ್ಲಿ ಉಸಿರನ್ನು ಒಮ್ಮೆ ತಡೆದು ಬಿಡುವ ದನಿ) ಅಯಿನ್ ಎಂದೂ ಅಯಿನ್ ಅನ್ನು ಆಲೆಫ್ ಎಂದೂ ಹೇಳುತ್ತಾರೆ ಎಂದು ಮೆಗಿಲ್ಲಾ ಭಾಗ ಹೇಳುತ್ತದೆ. ಎರೂವಿನ್ ಭಾಗದಲ್ಲಿ ಗಲಿಲಾಯದವನೊಬ್ಬನ ಕಥೆ ಬರುತ್ತದೆ. ಅವನು ಪೇಟೆಯಲ್ಲಿ “ಅಮರ್ ಯಾರ ಹತ್ತಿರ ಇದೆ?” ಎಂದು ಕೇಳುತ್ತಾ ಹೋದ. ಜನ ಅವನನ್ನು ದಬಾಯಿಸಿದರು: ಎಲಾ ಪೆದ್ದ ಗಲಿಲಾಯದವನೇ, ಸವಾರಿಗೆ ಕತ್ತೆ ಬೇಕಾ, ಕುಡಿಯಲು ದ್ರಾಕ್ಷಾರಸ ಬೇಕಾ, ಉಡಲು ಉಣ್ಣೆ ಬೇಕಾ, ಕೊಯ್ಯಲು ಕುರಿಮರಿ ಬೇಕಾ? ಅಲ್ಲಿ ಆಗ ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಈ ನಾಲ್ಕು ಪದಗಳೂ ಹೆಚ್ಚುಕಡಿಮೆ ಒಂದೇ ಥರ. ಕತ್ತೆ ಮತ್ತು ದ್ರಾಕ್ಷಾರಸಕ್ಕೆ ಮೊದಲಲ್ಲಿ ಹೆತ್ (ಗಂಟಲಿನ ಆಳದ “ಹ”), ಉಣ್ಣೆಗೆ ಅಯಿನ್, ಕುರಿಮರಿಗೆ ಆಲೆಫ್. ಗಂಟಲಿನ ದನಿ ಹೋದ ಬಾಯಲ್ಲಿ ಭೇದ ಉಳಿಯುವುದು ಹೇಗೆ? ಪೇತ್ರನ ಮಾತಿನ ರೀತಿಯಿಂದಲೇ ಅವನು ಗಲಿಲಾಯದವನು ಎಂದು ಗುರುತು ಹಿಡಿಯುವ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ, ನಿಮಗೆ ಗೊತ್ತೇ ಇರುತ್ತದೆ. ಅಲ್ಲಿ ಯಾವ ದನಿ ಎಂದು ಹೇಳಿಲ್ಲ.

ಈ ಗೊಂದಲ ಎಷ್ಟು ಆಳಕ್ಕೆ ಹೋಗುತ್ತದೆ ನೋಡಿ. ಆದಿಕಾಂಡ 3:21ರಲ್ಲಿ ದೇವರು ಆದಾಮ ಹವ್ವರಿಗೆ ಚರ್ಮದ ಅಂಗಿ ತೊಡಿಸಿದ ಎಂದಿದೆ. ಚರ್ಮ ಅಂದರೆ 'ಓರ್, ಅಯಿನ್‌ನಿಂದ. ಬೆಳಕು ಅಂದರೆ ಓರ್, ಆಲೆಫ್‌ನಿಂದ. ರಬ್ಬಿ ಮೆಯಿರ್ ಅವರ ತೋರಾ ಪ್ರತಿಯಲ್ಲಿ ಇಲ್ಲಿ ಆಲೆಫ್ ಬರೆದಿತ್ತು, ಅಂದರೆ “ಬೆಳಕಿನ ಅಂಗಿ”, ಎಂದು ಆದಿಕಾಂಡದ ಹಳೆಯ ವ್ಯಾಖ್ಯಾನ ದಾಖಲಿಸಿದೆ. ಅದು ಕೈತಪ್ಪೋ, ಬೇಕೆಂದೇ ಬರೆದದ್ದೋ ಎಂಬ ಚರ್ಚೆ ಏನೇ ಇರಲಿ, ಎರಡು ಅಕ್ಷರಗಳ ನಡುವಿನ ಗೋಡೆ ತೆಳ್ಳಗಾಗಿದ್ದ ಕಾಲದ ಮಾತು ಅದು.

ಆದರೂ ಓದುವ ಶಾಲೆಗಳಲ್ಲಿ ಐನ್ ದನಿಯನ್ನು ಗಟ್ಟಿಯಾಗಿ ಹಿಡಿದಿಟ್ಟರು. ಮಸೊರೆಟ್ ಪಂಡಿತರ ಸ್ವರಗುರುತುಗಳಲ್ಲೇ ಇದಕ್ಕೆ ಪುರಾವೆ ಸಿಗುತ್ತದೆ. ಪದದ ಕೊನೆಯಲ್ಲಿ ಅಯಿನ್ ಇದ್ದು, ಅದರ ಹಿಂದೆ ಈ, ಊ, ಓ ಥರದ ಸ್ವರ ಇದ್ದರೆ, ನಡುವೆ ಒಂದು ಸಣ್ಣ “ಅ” ನುಸುಳುತ್ತದೆ. ಯೇಸುವಿನ ಹೆಸರನ್ನೇ ತೆಗೆದುಕೊಳ್ಳಿ. ಬರೆದದ್ದು ಯೇಶೂ ಮತ್ತು ಅಯಿನ್. ಓದುವುದು ಯೇಶೂಅ'. ಆ “ಅ” ಯಾಕೆ ಬಂತು ಎಂದು ಬಾಯಲ್ಲೇ ನೋಡಬಹುದು. “ಊ” ಅನ್ನುವಾಗ ನಾಲಿಗೆಯ ಹಿಂಭಾಗ ಮೇಲಿರುತ್ತದೆ. ಗಂಟಲು ಬಿಗಿಯಲು ಅದು ಕೆಳಗಿಳಿದು ಹಿಂದಕ್ಕೆ ಹೋಗಬೇಕು. ಆ ಇಳಿಯುವ ದಾರಿಯಲ್ಲಿ ತಾನಾಗೇ “ಅ” ಕೇಳಿಸುತ್ತದೆ. ಅಯಿನ್‌ಗೆ ದನಿಯೇ ಇರದಿದ್ದರೆ ಆ “ಅ” ಹುಟ್ಟುತ್ತಲೇ ಇರಲಿಲ್ಲ. ಗ್ರೀಕಿನವರಿಗೆ ಐನ್ ಹೇಳಲು ಬಾರದು, ಅವರು ಯೇಸೂಸ್ ಅಂದರು. ಅದರಿಂದ ನಮ್ಮ ಯೇಸು.

ಮುಂದೆ ಯೆಹೂದಿಗಳು ಯಾವ ಯಾವ ನಾಡಿಗೆ ಹೋದರೋ ಅಲ್ಲಿನ ಭಾಷೆ ಈ ಅಕ್ಷರದ ಹಣೆಬರಹ ಬರೆಯಿತು. ಯೆಮನ್, ಇರಾಕ್, ಸಿರಿಯಾ ಕಡೆ ಸುತ್ತಲೂ ಅರಬ್ಬಿ ಇತ್ತು, ಐನ್ ಉಳಿಯಿತು. ಸ್ಪೇನ್, ಪೋರ್ಚುಗಲ್‌ನಿಂದ ಹೊರಬಿದ್ದು ಆಮ್‌ಸ್ಟರ್‌ಡ್ಯಾಮ್, ಲಂಡನ್ ಸೇರಿದ ಸಮುದಾಯದವರು ಅದನ್ನು ಮೂಗಿನ “ಙ” ಮಾಡಿಕೊಂಡರು. “ಶೆಮಾ ಇಸ್ರಾಯೇಲ್” ಎಂಬ ಪ್ರಾರ್ಥನೆ ಅವರ ಬಾಯಲ್ಲಿ “ಶೆಮಙ್”. ತೋರಾ ಸುರುಳಿಯಲ್ಲಿ ಆ ಪದದ ಕೊನೆಯ ಅಯಿನ್ ಅನ್ನು ಬೇಕೆಂದೇ ದೊಡ್ಡದಾಗಿ ಬರೆಯುವ ಸಂಪ್ರದಾಯವಿದೆ. ಅಷ್ಟು ದೊಡ್ಡ ಅಕ್ಷರವನ್ನು ನುಂಗಿಬಿಡಲು ಅವರಿಗೆ ಮನಸ್ಸು ಬರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಜರ್ಮನಿ, ಪೋಲೆಂಡ್ ಕಡೆಯ ಅಷ್ಕೆನಾಜಿ ಯೆಹೂದಿಗಳಲ್ಲಿ ದನಿ ಪೂರ್ತಿ ಹೋಯಿತು. ಆದರೂ ಯಾಕೋಬನನ್ನು ಅವರ ಮನೆಮಾತಾದ ಯಿಡ್ಡಿಶ್‌ನಲ್ಲಿ ಯಾಂಕೆವ್ ಅನ್ನುತ್ತಾರೆ. ನಡುವಿನ ಆ ಅನುಸ್ವಾರ ಹಳೆಯ ಅಯಿನ್‌ನ ಉಳಿಕೆ. ಅದೇ ಯಿಡ್ಡಿಶ್ ಬರೆಯುವಾಗ ಅಯಿನ್ ಅಕ್ಷರವನ್ನು “ಎ” ಸ್ವರಕ್ಕೆ ಬಳಸಿಕೊಂಡರು. ಗ್ರೀಕರು ಎಷ್ಟೋ ಮೊದಲೇ ಇಂಥದ್ದೇ ಕೆಲಸ ಮಾಡಿದ್ದರು. ಫಿನೀಶಿಯನ್ನರ ದುಂಡಗಿನ ಅಯಿನ್ ಕಣ್ಣಿನ ಚಿತ್ರದಿಂದ ಬಂದದ್ದು, ಹೆಸರಿನ ಅರ್ಥವೂ ಕಣ್ಣು. ಆ ದನಿ ಗ್ರೀಕರಿಗೆ ಬೇಕಿರಲಿಲ್ಲ. ಅಕ್ಷರವನ್ನು “ಒ” ಸ್ವರಕ್ಕೆ ಹಚ್ಚಿದರು. ಇಂಗ್ಲಿಷಿನ ಓ ಅಕ್ಷರ ಅದೇ ಅಯಿನ್.

ಈಗಿನ ಇಸ್ರೇಲಿಗೆ ಬರೋಣ. ಎಲಿಯೇಜರ್ ಬೆನ್ ಯೆಹೂದಾ 1881ರಲ್ಲಿ ಪ್ಯಾಲೆಸ್ತೀನಿಗೆ ಬಂದು ಹೀಬ್ರೂವನ್ನು ಮನೆಮಾತು ಮಾಡಲು ಪಟ್ಟು ಹಿಡಿದರು. ಆಗ ಕಟ್ಟಿದ ಭಾಷಾ ಸಮಿತಿಯವರಿಗೆ ಅಯಿನ್ ಮತ್ತು ಹೆತ್ ಅನ್ನು ಅರಬ್ ನಾಡುಗಳ ಯೆಹೂದಿಗಳ ಹಾಗೆ ಗಂಟಲಿನಿಂದಲೇ ಹೇಳಬೇಕು ಎಂಬ ಆಸೆ ಇತ್ತು. ಆದರೆ ಹೊಸ ಹೀಬ್ರೂವಿನ ದನಿ ರೂಪುಗೊಂಡದ್ದು ಪೂರ್ವ ಯುರೋಪಿನಿಂದ ಬಂದವರ ಬಾಯಲ್ಲಿ. ಅವರಿಗೆ ಅದು ಬರಲಿಲ್ಲ. ರೇಡಿಯೋ ವಾರ್ತೆ ಓದುವವರು ಬಹಳ ಕಾಲ ಗಂಟಲಿನ ಅಯಿನ್ ಉಳಿಸಿಕೊಂಡಿದ್ದರು, ಯೆಮನ್ ಮೂಲದ ಹಾಡುಗಾರರೂ ಕೂಡ. ಈಗ ಹೊಸ ತಲೆಮಾರಿನಲ್ಲಿ ಹೆಚ್ಚಿನವರು ಬಿಟ್ಟಿದ್ದಾರೆ. ಅತಾ ಅಂದರೆ ನೀನು, 'ಅತಾ ಅಂದರೆ ಈಗ. ಇಮ್ ಅಂದರೆ ಆದರೆ-ಹೋದರೆಯ “ರೆ”, 'ಇಮ್ ಅಂದರೆ ಜೊತೆಗೆ. ಬರೆಯುವಾಗ ಬೇರೆ, ಕೇಳುವಾಗ ಒಂದೇ. ಐನ್ ದನಿಯನ್ನು ಹಳ್ಳಿಗಾಡಿನದು, ಅರಬ್ ನಾಡಿನಿಂದ ಬಂದವರದು ಎಂದು ಕೀಳಾಗಿ ನೋಡುವವರೂ ಅಲ್ಲಿದ್ದಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಎಲ್ಲರಿಗಿಂತ ಹಳೆಯ ದನಿಯನ್ನು ಉಳಿಸಿಕೊಂಡವರ ಮಾತೇ ಒರಟು ಅನ್ನಿಸಿಕೊಳ್ಳಬೇಕಾಯಿತಲ್ಲ.

ನೀವೇನು ಮಾಡಬೇಕು? ಇಸ್ರೇಲಿನವರ ಜೊತೆ ಮಾತಾಡುವುದು ಗುರಿಯಾದರೆ ಪುಸ್ತಕ ಹೇಳಿದ ಹಾಗೆ ಸ್ವರ ಮಾತ್ರ ಹೇಳಿ, ಸಾಕು. ಬೈಬಲ್ ಓದುವುದು ಗುರಿ ಅಂದಿದ್ದೀರಿ. ಹಾಗಾದರೆ ಗಂಟಲಿನ ಅಯಿನ್ ಕಲಿಯಿರಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಒಂದು, ಆಲೆಫ್ ಯಾವುದು ಅಯಿನ್ ಯಾವುದು ಎಂದು ಕಾಗುಣಿತ ತಾನಾಗೇ ನೆನಪಿರುತ್ತದೆ. ಎರಡು, “ಉತ್ತರಿಸು” ಮತ್ತು “ಹಾಡು” ಎಂಬ ಎರಡು ಧಾತುಗಳು ಹೀಬ್ರೂನಲ್ಲಿ ಒಂದೇ ಥರ ಬರೆದಿರುವುದು ಸಿಕ್ಕಿದಾಗ ಗಾಬರಿಯಾಗುವುದಿಲ್ಲ. ಅರಬ್ಬಿಯಲ್ಲಿ ಹಾಡು ಅನ್ನೋದು ಗ಼ನ್ನಾ, ಅಂದರೆ ಅಲ್ಲಿ ಇದ್ದದ್ದು ಇನ್ನೊಂದು ದನಿ ಎಂದು ನಿಮಗೆ ಈಗ ಗೊತ್ತು. ಗ಼ ದನಿಯನ್ನು ಮಾತ್ರ ನಿಮ್ಮ ಓದಿಗೆ ತರಲು ಹೋಗಬೇಡಿ. ನಿಮ್ಮ ಕೈಯಲ್ಲಿರುವ ಸ್ವರಗುರುತಿನ ಪಠ್ಯ ಮಸೊರೆಟ್ ಕಾಲದ್ದು. ಆ ಸ್ವರಗಳ ಜೊತೆ ಅಯಿನ್‌ಗೆ ಗ಼ ದನಿ ಎಂದೂ ಇರಲಿಲ್ಲ. ಕನ್ನಡದಲ್ಲಿ ಬರೆಯುವಾಗ ಗಾಜಾ, ಗೊಮೋರ ಎಂದೇ ಬರೆಯಿರಿ, ಅದರಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ.

ಅಭ್ಯಾಸಕ್ಕೆ 119ನೇ ಕೀರ್ತನೆ ತೆಗೆದುಕೊಳ್ಳಿ. ಅದರಲ್ಲಿ ಒಂದೊಂದು ಅಕ್ಷರಕ್ಕೆ ಎಂಟೆಂಟು ವಚನಗಳಿವೆ. 121ರಿಂದ 128ರವರೆಗಿನ ಎಂಟೂ ಅಯಿನ್‌ನಿಂದಲೇ ಶುರು: 'ಅಸೀತಿ, 'ಅರೋವ್, 'ಏನೈ… ಯೆಮನ್ ಸಂಪ್ರದಾಯದವರು ಇದನ್ನು ಓದಿದ ಧ್ವನಿಮುದ್ರಣ ಹುಡುಕಿ, ಒಂದೊಂದು ವಚನ ಕೇಳಿ, ನಿಲ್ಲಿಸಿ, ನೀವೂ ಹೇಳಿ. ಶುರುವಿನಲ್ಲಿ ಗಂಟಲು ಸ್ವಲ್ಪ ನೋಯುತ್ತದೆ. ಜೋರಾಗಿ ಒತ್ತಬೇಡಿ, ಅರಬ್ಬಿ ಮಾತಾಡುವವರು ಅದನ್ನು ತುಂಬ ಹಗುರವಾಗಿ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ಅರಬ್ಬಿ ಕುರಾನ್ ಓದಲು ಕಲಿಸುವವರು ಯಾರಾದರೂ ಪರಿಚಯ ಇದ್ದರೆ ಅವರ ಮುಂದೆ ಒಮ್ಮೆ ಹೇಳಿ ತೋರಿಸಿ. ಐನ್ ಸರಿಯಾಯಿತೋ ಇಲ್ಲವೋ ಎಂದು ಅವರು ಮೊದಲ ಪದದಲ್ಲೇ ಹೇಳಿಬಿಡುತ್ತಾರೆ.